ಕ್ಲೋರಿನ್ ಮತ್ತು ನನ್ನ ಜಡೆ

ಫೆಬ್ರವರಿ 3, ಬೆಳಿಗ್ಗೆ 8.20

ಈಜುಕೊಳದಲ್ಲಿ ಇಪ್ಪತ್ತು ಸುತ್ತು. ಸೊಂಟ ಹಗುರ. ಕೂದಲು ಮಾತ್ರ ಇವತ್ತೂ ಒಣಹುಲ್ಲು. ಬಾಚಣಿಗೆಯಲ್ಲಿ ಉಳಿದದ್ದು ಎಣಿಸಿದೆ — ನಲವತ್ತೊಂದು. ಹೋದ ತಿಂಗಳು ಹದಿನೈದು ದಾಟುತ್ತಿರಲಿಲ್ಲ. ಬುಡದಿಂದ ಉದುರಿದ್ದಲ್ಲ, ಅರ್ಧಕ್ಕೆ ತುಂಡಾದವು. ತುದಿ ತಾಮ್ರದ ಬಣ್ಣ.

ಅಂಗಡಿಯಲ್ಲಿ ತಲೆಯ ಟವೆಲ್ ಬಿಚ್ಚುತ್ತಿದ್ದಂತೆ ನಾದಿನಿ ಶುರು ಮಾಡಿದಳು. "ಅತ್ತಿಗೆ, ಒಳಗಡೆ ಕುರ್ಚಿಗೆ ಬನ್ನಿ. ಕಿಟಕಿ ಹತ್ರ ನಿಂತ್ರೆ ರಸ್ತೇಲಿ ಹೋಗೋರು ಪೊರಕೆ ಅಂಗಡಿ ಅಂದ್ಕೋತಾರೆ."

ನಕ್ಕೆ. ಆಮೇಲೆ ನಗು ಬರಲಿಲ್ಲ. ಎರಡು ಕುರ್ಚಿಯ ಪಾರ್ಲರ್. ಹದಿನಾಲ್ಕು ವರ್ಷದಿಂದ ನನ್ನ ಜಡೆಯೇ ನಮ್ಮ ಬೋರ್ಡು. ದಿನಕ್ಕೆ ಎಂಟು ಗಂಟೆ ನಿಂತು ಮಾಡುವ ಕೆಲಸ. ಡಾಕ್ಟರ್ ಹೇಳಿದ್ದು ಎರಡೇ ದಾರಿ — ಈಜು, ಇಲ್ಲವೇ ಆಪರೇಷನ್. ಈಜು ಬಿಟ್ಟರೆ ಸೊಂಟ ಹೋಗುತ್ತದೆ. ಈಜಿದರೆ ಬೋರ್ಡು ಹೋಗುತ್ತದೆ.

ಫೆಬ್ರವರಿ 6

ಗಿರಾಕಿಗಳಿಗೆ ಹೇಳುವುದನ್ನೆಲ್ಲ ನಾನೂ ಮಾಡುತ್ತಿದ್ದೇನೆ. ಕೊಳಕ್ಕೆ ಇಳಿಯುವ ಮೊದಲು ನಲ್ಲಿ ನೀರಲ್ಲಿ ಕೂದಲು ಪೂರ್ತಿ ನೆನೆಸುವುದು — ಒಂದು ಸಲ ನೀರು ಕುಡಿದ ಕೂದಲು ಕೊಳದ ನೀರನ್ನು ಅಷ್ಟಾಗಿ ಎಳೆದುಕೊಳ್ಳುವುದಿಲ್ಲ. ಮೇಲೆ ಸ್ವಲ್ಪ ಕಂಡಿಷನರ್. ಸಿಲಿಕಾನ್ ಟೋಪಿ. ಹತ್ತಿದ ತಕ್ಷಣ ತೊಳೆಯುವುದು. ಶಾಂಪೂ — ದಿನಾ, ಕ್ಲೋರಿನ್ ತೆಗೆಯುವ ಜೋರು ಶಾಂಪೂ. ಇಷ್ಟಾದರೂ ಒಂದು ಎಳೆ ಹಿಡಿದು ಎಳೆದರೆ ಹಿಗ್ಗುತ್ತದೆ, ವಾಪಸ್ ಬರುವುದಿಲ್ಲ.

ಎಲ್ಲಿ ತಪ್ಪುತ್ತಿದೆ?

ನಮ್ಮ ಬೆಳಗಿನ ಈಜು ಬ್ಯಾಚಿನ ಟೋಪಿ ಅಜ್ಜಿಯನ್ನು ಕೇಳಿದೆ. ಎಪ್ಪತ್ತೆರಡು ವರ್ಷ, ರಬ್ಬರ್ ಹೂವಿನ ಟೋಪಿ, ನನ್ನದೇ ಗಿರಾಕಿ. "ಅಂಗೈ ತುಂಬ ಕೊಬ್ಬರಿ ಎಣ್ಣೆ ಹಚ್ಕೊಂಡು ಇಳಿ ತಾಯಿ. ನೀನು ಓದಿದ್ದು ಜಾಸ್ತಿ ಆಯ್ತು."

ಫೆಬ್ರವರಿ 10

ಮೂರು ದಿನದಿಂದ ಎಣ್ಣೆ. ಟೋಪಿ ಮೀನಿನ ಹಾಗೆ ಜಾರುತ್ತದೆ. ಇವತ್ತು ಕಳಚಿಯೇ ಹೋಯಿತು. ತಲೆಯ ಸುತ್ತ ನೀರಿನ ಮೇಲೆ ಬಣ್ಣಬಣ್ಣದ ಪೊರೆ.

ಕೊಳದ ಆಪರೇಟರ್ ದಡದಲ್ಲೇ ನಿಂತಿದ್ದರು. ಎಲ್ಲರೂ ನೀರಣ್ಣ ಎನ್ನುತ್ತಾರೆ. ತಿಂಗಳಿಗೊಮ್ಮೆ ನಮ್ಮಲ್ಲೇ ಕಟಿಂಗ್. "ಮೇಡಂ, ಎಣ್ಣೆ ಬೇಡ. ನನ್ನ ಫಿಲ್ಟರ್‌ಗೆ ಜಡೆ ಇಲ್ಲ, ಅದಕ್ಕೆ ಯಾಕೆ ಹಚ್ತೀರಿ."

ಸರಿ ಅಂದೆ. ಹಾಗೇ ಕೇಳಿದೆ — ಇತ್ತೀಚೆಗೆ ಕ್ಲೋರಿನ್ ವಾಸನೆ ಯಾಕಿಷ್ಟು? "ವಾಸನೆ ಬಂತು ಅಂದ್ರೆ ಕ್ಲೋರಿನ್ ಜಾಸ್ತಿ ಅಂತಲ್ಲ ಮೇಡಂ, ಅದು..." ಅಂದರು. ನನಗೆ ಒಂಬತ್ತಕ್ಕೆ ಗಿರಾಕಿ. ಪೂರ್ತಿ ಕೇಳಲಿಲ್ಲ. ಜಾರಿಕೊಳ್ಳುವ ಮಾತು. ನಮ್ಮ ಕೆಲಸದಲ್ಲಿ ಡೈ ಆಗಲಿ, ಗುಂಗುರು ಮಾಡುವ ಪರ್ಮ್ ಆಗಲಿ, ವಾಸನೆ ಮೂಗಿಗೆ ಹೊಡೆದಷ್ಟೂ ಮದ್ದು ಜೋರು. ಹದಿನಾಲ್ಕು ವರ್ಷದ ಮೂಗು ಇದು.

ಫೆಬ್ರವರಿ 12

ಕೇಳಿಯೇಬಿಟ್ಟೆ. ಸ್ವಲ್ಪ ಕಮ್ಮಿ ಹಾಕಿ ಅಂತ.

ಗಾಜಿನ ಕೊಳವೆಯಲ್ಲಿ ಕೊಳದ ನೀರು ಹಿಡಿದು, ಕ್ಲೋರಿನ್ ಅಳೆಯುವ ಮಾತ್ರೆ ಹಾಕಿ ತೋರಿಸಿದರು. ಗುಲಾಬಿ. "ಇದು ಸರಿಯಾಗಿರೋ ಬಣ್ಣ." ನಾನು ಟೋಪಿ ತೆಗೆದು ಜಡೆ ತೋರಿಸಿದೆ. "ಇದು?" ಬಗ್ಗಿ ತುದಿ ನೋಡಿದರು. "ನೀವು ಕೂದಲಿನ ಡಾಕ್ಟ್ರು, ನಾನು ನೀರಿನ ಕಾಂಪೌಂಡರ್. ಒಂಚೂರು ಇಳಿಸಿ ನೋಡೋಣ."

ಒಳ್ಳೆಯ ಮನುಷ್ಯ.

ಫೆಬ್ರವರಿ 19

ಲೆಕ್ಕ ಕೂಡುತ್ತಿಲ್ಲ. ಬಾಚಣಿಗೆಯಲ್ಲಿ ಮೂವತ್ತಾರು. ಇಳಿದಿದೆ ಅನ್ನಲೂ ಆಗದು, ಇಲ್ಲ ಅನ್ನಲೂ ಆಗದು. ಆದರೆ ವಾಸನೆ ಮೊದಲಿಗಿಂತ ಜಾಸ್ತಿ. ಕಣ್ಣು ಉರಿ. ಕಮ್ಮಿ ಮಾಡಿದ್ದಾರೋ ಇಲ್ಲವೋ?

ನೀರಣ್ಣನನ್ನು ಮತ್ತೆ ಕೇಳಿದೆ. ಕೊಳವೆ ತೋರಿಸಿದರು, ಗುಲಾಬಿ ತೆಳುವಾಗಿತ್ತು. "ಇನ್ನೂ ಇಳಿಸೋದು ಬೇಡ ಮೇಡಂ." ವಾಸನೆ ನೋಡಿ ನೀವೇ ಅಂದೆ. ಕೂದಲು ಹೋದರೆ ಅಂಗಡಿ ಹೋದಂತೆ ಅಂದೆ. ಅದನ್ನು ಹೇಳಬಾರದಿತ್ತೇನೋ... "ನಾಲ್ಕು ದಿನ ಮಾತ್ರ," ಅಂದರು.

ನಾದಿನಿ: "ಅಲ್ಲ ಅತ್ತಿಗೆ, ಇಡೀ ಕೊಳಾನೇ ನಿಮ್ಮ ಶಾಂಪೂ ಸಿಂಕು ಮಾಡ್ಕೊಂಡ್ರಾ?"

ಮಾರ್ಚ್ 2, ಬೆಳಿಗ್ಗೆ 7.00

ಗೇಟಿಗೆ ಬೀಗ. ಚೀಟಿ: ನೀರಿನ ಪರೀಕ್ಷೆಯ ಕಾರಣ ಮುಂದಿನ ಸೂಚನೆಯವರೆಗೆ ಮುಚ್ಚಿದೆ.

ಟೋಪಿ ಅಜ್ಜಿ ಐದು ದಿನದಿಂದ ಬಂದಿರಲಿಲ್ಲ. ಫೋನ್ ಮಾಡಿದೆ. "ಬಲಗಿವಿಗೆ ಹಿಡ್ಕೊಂಡೆ, ಮಾತಾಡು ತಾಯಿ, ಎಡಗಿವಿ ರಜೆ ಹಾಕಿದೆ." ಕಿವಿಯಲ್ಲಿ ಕೀವು. ಜ್ವರವೂ ಇತ್ತಂತೆ. ಬ್ಯಾಚಿನಲ್ಲಿ ಇನ್ನಿಬ್ಬರಿಗೂ ಕಿವಿನೋವು. ಡಾಕ್ಟರು ಕೊಳದ ನೀರು ಅಂದರಂತೆ. ಇಷ್ಟು ವಾಸನೆ ಇರುವ ನೀರಲ್ಲಿ ಕೀಟಾಣು ಬದುಕುವುದು ಹೇಗೆ?

ಮಾರ್ಚ್ 5

ಈಜಿಲ್ಲ. ನಾಲ್ಕನೇ ಗಿರಾಕಿಗೆ ಸೊಂಟ ಹಿಡಿಯಿತು. ಸ್ಟೂಲ್ ಮೇಲೆ ಕೂತು ಕಟಿಂಗ್.

ಐದನೆಯವರು ನೀರಣ್ಣ. ತಿಂಗಳು ತುಂಬಿರಲಿಲ್ಲ. "ಡ್ಯೂಟಿ ಇಲ್ಲ. ಸುಮ್ನೆ ಕೂತು ಏನ್ಮಾಡ್ಲಿ, ತಲೇನಾದ್ರೂ ಹಗುರ ಆಗ್ಲಿ ಅಂತ." ನೀರಿನ ರಿಪೋರ್ಟ್ ಬಂದಿದೆ. ಕ್ಲೋರಿನ್ ಇರಬೇಕಾದ್ದಕ್ಕಿಂತ ತೀರಾ ಕಮ್ಮಿ; ನಾಲ್ಕು ದಿನ ಅಂದದ್ದು ಹತ್ತು ದಿನ ಎಳೆದಿತ್ತು. ಅವರನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಒಂಬತ್ತನೇ ತಾರೀಖು ಕೊಳದ ಕಾರ್ಯದರ್ಶಿ ಮುಂದೆ ವಿಚಾರಣೆ. ಕೆಲಸ ಉಳಿಯುವುದೋ ಹೋಗುವುದೋ ಅಂದೇ ತೀರ್ಮಾನ.

ಕತ್ತರಿ ಇಟ್ಟು ಕೇಳಿದೆ. ಯಾಕೆ ಕಮ್ಮಿ ಮಾಡಿದ್ರಿ ಅಂತ ಕೇಳಲಿಲ್ವಾ?

"ಕೇಳಿದ್ರು. ನನ್ನ ತಪ್ಪು ಅಂದೆ."

ಅಷ್ಟೇ?

"ಮತ್ತೇನು ಹೇಳೋದು ಮೇಡಂ. ಕೊಳವೆ ಇದ್ದದ್ದು ನನ್ನ ಕೈಯಲ್ಲಿ."

ವಾಸನೆಯ ವಿಷಯ ಕೇಳಿದೆ. ಕನ್ನಡಿಯಲ್ಲೇ ನನ್ನ ಮುಖ ನೋಡಿ ನಿಧಾನವಾಗಿ ಹೇಳಿದರು. ಬೆವರು, ಎಣ್ಣೆ, ಮೈಯ ಕೊಳೆ, ಮಕ್ಕಳು ಮಾಡುವ ಇನ್ನೊಂದು — ಇದನ್ನೆಲ್ಲ ಕ್ಲೋರಿನ್ ಸುಡಬೇಕು. ಸಾಲದೆ ಅರ್ಧಂಬರ್ಧ ಸುಟ್ಟಾಗ ಏಳುವುದೇ ಆ ವಾಸನೆ. ಕಣ್ಣುರಿಯೂ ಅದೇ. ಸರಿಯಾಗಿ ಹಾಕಿದ ಕೊಳ ಅಷ್ಟಾಗಿ ನಾರುವುದೇ ಇಲ್ಲ.

"ಮೊದಲೇ ಯಾಕೆ ಹೇಳಲಿಲ್ಲ?"

"ಕಿವಿ ಹಿಂದೆ ಇನ್ನೂ ಸ್ವಲ್ಪ ತೆಗೀರಿ," ಅಂದರು.

ಸಂಜೆ 6.15. ಪುಟ ತಿರುಗಿಸಿ ನೋಡಿದೆ. ಫೆಬ್ರವರಿ 10. ಹೇಳಿದ್ದಾರೆ. ನಾನೇ ಬರೆದಿದ್ದೇನೆ. ಪಕ್ಕದಲ್ಲೇ "ಜಾರಿಕೊಳ್ಳುವ ಮಾತು" ಅಂತ ಇದೆ, ನನ್ನದೇ ಅಕ್ಷರ.

ಮಾರ್ಚ್ 7

ಕೇಳಿದ್ದು ನಾನು. ಇಳಿಸಿದ್ದು ಅವರು. ಎಣ್ಣೆ ನನ್ನದು. ಎಣ್ಣೆ ಹೇಳಿಕೊಟ್ಟದ್ದು ಟೋಪಿ ಅಜ್ಜಿ, ಕಿವಿ ಕೆಟ್ಟದ್ದೂ ಅವರದೇ. ಯಾರ ಪಾಲು ಎಷ್ಟು? ಮೂರು ಸಲ ಯೋಚಿಸಿದೆ, ಮೂರು ಸಲವೂ ಬೇರೆ ಬೇರೆ ಬಂತು.

ನಾದಿನಿಯ ಕೈಗೆ ಕತ್ತರಿ ಕೊಟ್ಟು ಕೂತೆ. ಕಿವಿಯವರೆಗೆ. ಹಾಳಾದದ್ದೆಲ್ಲ ನೆಲಕ್ಕೆ. ಅವಳು ಒಂದು ಜೋಕೂ ಮಾಡಲಿಲ್ಲ, ಅದೇ ಕಷ್ಟವಾಯಿತು. ಕೊನೆಗೆ ಬಿದ್ದ ಜಡೆಯನ್ನು ಎತ್ತಿ ಬೆರಳಲ್ಲಿ ಉಜ್ಜಿ ನೋಡಿ, "ಅತ್ತಿಗೆ, ದಿನಾ ಆ ಜೋರು ಶಾಂಪೂ ಹಾಕಿದ್ರಲ್ಲ, ಇದು ಅದರ ಕೆಲಸಾನೂ ಇರಬಹುದು," ಅಂದಳು.

ಇರಬಹುದು. ವಾರಕ್ಕೊಮ್ಮೆ ಸಾಕು ಅಂತ ಗಿರಾಕಿಗಳಿಗೆ ನಾನೇ ಹೇಳುತ್ತೇನೆ. ಹಾಗಾದರೆ ಕ್ಲೋರಿನ್ ಎಷ್ಟು ಮಾಡಿತು, ನಾನೆಷ್ಟು ಮಾಡಿಕೊಂಡೆ? ಇನ್ನು ಗೊತ್ತಾಗುವುದಿಲ್ಲ. ಪುರಾವೆ ಕಸದ ಬುಟ್ಟಿಯಲ್ಲಿದೆ.

ಮಾರ್ಚ್ 9, ಬೆಳಿಗ್ಗೆ 9.30

ಹನ್ನೊಂದು ಗಂಟೆಗೆ ವಿಚಾರಣೆ. ನನ್ನನ್ನು ಯಾರೂ ಕರೆದಿಲ್ಲ. ಹೋಗುತ್ತೇನೆ. ನೀರಣ್ಣನಿಗೆ ತಿಳಿಸಿಲ್ಲ, ಬೇಡ ಅನ್ನುತ್ತಾರೆ.

"ಅಲ್ಲಿ ಹೋಗಿ ಏನಂತೀರಿ?" ನಾದಿನಿ. "ಇಡೀ ಬಡಾವಣೆಯ ಹೆಂಗಸರು ನಮ್ಮ ಗಿರಾಕಿಗಳು. ಅರ್ಧ ಜನ ಆ ಕೊಳಕ್ಕೇ ಹೋಗೋರು. ಗೊತ್ತಾದ್ರೆ?"

ಗೊತ್ತಾಗುತ್ತದೆ. ಗೊತ್ತಾದ ಮೇಲೆ ಕುರ್ಚಿಗಳು ತುಂಬುತ್ತವೋ ಇಲ್ಲವೋ, ಅದು ಗೊತ್ತಿಲ್ಲ.

ಅಲ್ಲಿ ತಡವರಿಸಬಾರದು. ಬರೆದುಕೊಂಡು ಹೋಗುವುದು ಒಳ್ಳೆಯದು. ದಿನಾಂಕ ಸಹಿತ — 10, 12, 19. ಈ ಪುಸ್ತಕವನ್ನೇ ತೆಗೆದುಕೊಂಡು ಹೋಗಲೇ? ಬಾಚಣಿಗೆ ಲೆಕ್ಕವನ್ನೆಲ್ಲ ಅವರು ಓದುವುದೇ... ಓದಲಿ.

ಮೊದಲ ಸಾಲು ಐದು ಸಲ ಹೊಡೆದು ಹಾಕಿದೆ. ಹೇಗೆ ಬರೆದರೂ ನಗುವಂಥದ್ದೇ ಆಗುತ್ತದೆ. ಮೂವರ ಕಿವಿ, ಒಬ್ಬರ ಕೆಲಸ, ಕಾರಣ ನೋಡಿದರೆ ಇಷ್ಟೇ.

ಮಾನ್ಯರೇ, ಕ್ಲೋರಿನ್ ಕಡಿಮೆ ಮಾಡಿ ಎಂದು ಎರಡು ಸಲ ಕೇಳಿದವಳು ನಾನು. ಆಪರೇಟರ್ ಬೇಡವೆಂದೇ ಹೇಳಿದ್ದರು. ನನ್ನ ಕೂದಲು ತುಂಡಾಗುತ್ತಿತ್ತು, ಕಾರಣ ಅಷ್ಟೇ.