ಓದುವ ಕೋಣೆಯಲ್ಲಿ ಕದ್ದ ಮಾಂಗಾ

ಮಾನ್ಯ ಗ್ರಂಥಾಲಯಾಧಿಕಾರಿಗಳೇ,

ನಿಮ್ಮ ಓದುವ ಕೋಣೆಯ ಕಂಪ್ಯೂಟರಿನಲ್ಲಿ ‘ಮಾಂಗಾ ವಿಭಾಗ’ ಎಂದು ಹೆಸರಿಟ್ಟು ಕೂರಿಸಿರುವುದು ಒಂದು ಕಳ್ಳ ವೆಬ್‌ಸೈಟನ್ನು. ಬರೆಯುವಾಗಲೂ ಅಸಹ್ಯವಾಗುತ್ತಿದೆ. ಪುಸ್ತಕ ಒಂದು ದಿನ ತಡವಾದರೆ ಓದುಗನನ್ನು ಕಟಕಟೆಗೆ ಹತ್ತಿಸುವ ತಾವು, ಇಡೀ ಪುಸ್ತಕವನ್ನೇ ಕದ್ದವನಿಗೆ ಕುರ್ಚಿ, ಫ್ಯಾನು, ವೈಫೈ ಒದಗಿಸಿದ್ದೀರಿ. ಎಂಥ ಔದಾರ್ಯ.

ನನ್ನ ತಂಗಿ ಮಾಂಗಾಗಳನ್ನು, ಅಂದರೆ ಜಪಾನಿನ ಚಿತ್ರಕಥೆಗಳನ್ನು, ನಮ್ಮ ಭಾಷೆಗೆ ತರುತ್ತಾಳೆ. ಅದೇನು ಮಹಾ, ಚಿತ್ರದ ಮಾತಿನ ಗುಳ್ಳೆಯೊಳಗೆ ನಾಲ್ಕು ಪದ ತುಂಬುವುದು ತಾನೇ ಎಂದು ನಾನೂ ಗೇಲಿ ಮಾಡಿದ್ದುಂಟು. ಆಮೇಲೆ, ಕಥೆಯಲ್ಲಿ ಜಾರುಬಾಗಿಲು ಮುಚ್ಚುವ ಒಂದೇ ಒಂದು ಸದ್ದಿಗೆ ಪದ ಹುಡುಕಲು ಅವಳು ಎರಡು ದಿನ ಮನೆಯ ಕಪಾಟಿನ ಬಾಗಿಲನ್ನು ಎಳೆದೆಳೆದು ಮುಚ್ಚಿದಳು. ‘ಸರಕ್’ ಸಾಲದು, ‘ಧಡ್’ ಹೆಚ್ಚಾಯಿತು. ಬಾಗಿಲು ಕಳಚಿದರೆ ಜಪಾನಿನವರು ಬಂದು ಕೂರಿಸುತ್ತಾರೇನೇ ಎಂದು ಅಮ್ಮ ಗೊಣಗಿದಳು. ‘ಸರ್ರಟಕ್’ ಎಂದು ಬರೆದ ಮೇಲೆಯೇ ಮನೆಗೆ ಶಾಂತಿ.

ಆ ಕಥೆಯ ಮೂರು ಸಂಪುಟ ಬಂದವು. ಓದುಗರಿಲ್ಲದಿದ್ದರೆ ನಾಲ್ಕನೆಯದು ಬೇಡ ಎಂದರು ಪ್ರಕಾಶಕರು. ಹೋದ ವಾರ ತಂಗಿ, ಗ್ರಂಥಾಲಯಕ್ಕೆ ತರಿಸಿಕೊಳ್ಳಿ ಎಂಬ ಅರ್ಜಿ ಹಿಡಿದು ನಿಮ್ಮಲ್ಲಿಗೆ ಬಂದಳು. ಜೊತೆಗೆ ನಾನು. ನಿಮ್ಮ ಗುಮಾಸ್ತರು ಅರ್ಜಿ ಮುಟ್ಟಲೂ ಇಲ್ಲ. ಕೊಳ್ಳುವ ಕರ್ಮ ಯಾಕೆ, ಎಲ್ಲಾ ಪುಕ್ಕಟೆ ಇದೆ ಎಂದು ಹೆಮ್ಮೆಯಿಂದ ಪರದೆ ತೋರಿಸಿದರು. ಅವಳದೇ ಪುಟ. ಅವಳ ಹೆಸರನ್ನು ಅಳಿಸಿ, ಅಲ್ಲಿ ಯಾವುದೋ ತಂಡದ ಮುದ್ರೆ. ಮುಂದಿನ ಪುಟ ಒತ್ತಿದರೆ ಜೂಜಿನ ಚಕ್ರ. ಅದನ್ನು ಮುಚ್ಚಿದರೆ ಅರೆಬಟ್ಟೆಯ ಹೆಂಗಸು. ಅವಳನ್ನೂ ಸಾಗಹಾಕಿದರೆ, ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಇಲ್ಲಿ ಒತ್ತಿ’. ಗುಮಾಸ್ತರು ವಿಧೇಯರಾಗಿ ಒತ್ತಿದರು. ಅದೇ ಕಂಪ್ಯೂಟರಿನಲ್ಲಿ ಸದಸ್ಯರೆಲ್ಲರ ಫೋನ್ ನಂಬರುಗಳಿದ್ದವಂತೆ. ಅಂದಿನಿಂದ ಅಮ್ಮನಿಗೆ, ಗ್ರಂಥಾಲಯದ ಸದಸ್ಯತ್ವ ಉಳಿಯಬೇಕಾದರೆ ಒಟಿಪಿ ಹೇಳಿ ಎಂದು ದಿನಕ್ಕೆ ನಾಲ್ಕು ಕರೆ.

ಅದಿರಲಿ. ಪುಟ ಮತ್ತೆ ಕಂಡಾಗ ತಂಗಿ ಪರದೆಯ ಮೇಲೆ ಬೆರಳಿಟ್ಟು, “ಈ ‘ಸರ್ರಟಕ್’ ನಂದು ಸಾರ್,” ಅಂದಳು.

“ಓ, ನೀವೇನಾ ಮೇಡಂ? ನಾಲ್ಕನೇ ಭಾಗ ಯಾವಾಗ ಹಾಕ್ತೀರಿ? ಜನ ದಿನಾ ಬಂದು ಕೇಳ್ತಾರೆ.”

ಕೇಳುವವರಿದ್ದಾರೆ, ಮಾನ್ಯರೇ. ಪ್ರಕಾಶಕರ ಕಣ್ಣಿಗೆ ಬಿದ್ದಿಲ್ಲ ಅಷ್ಟೇ. ನೀವು ಅವರನ್ನೆಲ್ಲ ಕಳ್ಳನ ಅಂಗಡಿಗೆ ಕಳಿಸಿದ್ದೀರಲ್ಲ. ಮೊದಲ ಅಧ್ಯಾಯಗಳನ್ನು ಪ್ರಕಾಶಕರ ಆ್ಯಪಿನಲ್ಲೇ ಪುಕ್ಕಟೆಯಾಗಿ, ಅರೆಬಟ್ಟೆಯವರ ಕಾಟವಿಲ್ಲದೆ ಓದಬಹುದು. ಮುಂದಿನದು ಪುಸ್ತಕದಂಗಡಿಯಲ್ಲಿದೆ. ಕೊಳ್ಳಲಾಗದವರು ಎಲ್ಲಿಗೆ ಹೋಗಬೇಕು? ಗ್ರಂಥಾಲಯ ಎಂಬುದೊಂದು ಇರುತ್ತದೆಂದು ಕೇಳಿದ್ದೇನೆ, ತಮಗೇನಾದರೂ ಗೊತ್ತೇ?

ಆ ಕಳ್ಳ ಸೈಟನ್ನು ಇಂದೇ ಕಿತ್ತುಹಾಕಿ. ಸದಸ್ಯರಿಗೆ ಎಚ್ಚರಿಕೆ ಕಳಿಸಿ. ಮೂರೂ ಸಂಪುಟ ತರಿಸಿ, ಕಣ್ಣಿಗೆ ಕಾಣುವಲ್ಲಿಡಿ. ದಿನಾ ಬಂದು ಕೇಳುವವರ ಹೆಸರು ಬರೆದುಕೊಂಡು ಪ್ರಕಾಶಕರಿಗೆ ಮುಟ್ಟಿಸಿ. ನಾಲ್ಕನೆಯದರ ಬಗ್ಗೆ ತಿಂಗಳ ಕೊನೆಗೆ ಅವರ ತೀರ್ಮಾನ. ತಂಗಿ ಸದ್ಯ ವಾಷಿಂಗ್ ಮೆಷಿನ್ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದಾಳೆ. ಅದನ್ನು ಯಾರೂ ಕದಿಯುವುದಿಲ್ಲವಂತೆ.

ಇಂತಿ,
ಅಂದು ಪಕ್ಕದಲ್ಲೇ ನಿಂತಿದ್ದೂ ಬಾಯಿ ಬಿಡದ ಅಣ್ಣ