ನಲವತ್ತಾರನೆಯ ದಿನ

ಹದಿನಾರನೇ ತಾರೀಖು, ಶುಕ್ರವಾರ, ಮಧ್ಯಾಹ್ನ

ಊದುಗೊಳವೆ ಮಹಾಶಯರಿಗೆ,

ಕೆಲಸಗಾರರು ನಿಮಗಿಟ್ಟ ಈ ಅಡ್ಡಹೆಸರನ್ನು ಮೂರು ವರ್ಷಗಳಿಂದ ಯಾರೂ ಬಾಯಿಬಿಟ್ಟು ಹೇಳಿಲ್ಲ. ನೀವು ನನ್ನನ್ನೂ ನಮ್ಮ ಗಾಜಿನ ಕಾರ್ಖಾನೆಯನ್ನೂ ಬಿಟ್ಟು ಹೋದ ಮೇಲೆ ನನ್ನೆದುರು ಅದನ್ನು ಆಡಲು ಅವರಿಗೆ ಭಯ. ಇವತ್ತು ನಾನೇ ಬರೆಯುತ್ತಿದ್ದೇನೆ. ನಿಮ್ಮ ಕುಲುಮೆ ಆರಿದೆ.

ಅರ್ಧಂಬರ್ಧ ಸುದ್ದಿ ನಿಮಗೂ ಮುಟ್ಟಿರಬಹುದು. ನೀವು ಬೇಡಬೇಡವೆಂದರೂ ಎರಡನೇ ಕುಲುಮೆಗೆಂದು ನಾನು ಸಾಲ ಎತ್ತಿದೆ, ಅದು ತೀರದೆ ಕಂಪನಿ ದಿವಾಳಿ ಪ್ರಕರಣಕ್ಕೆ ಸಿಕ್ಕಿತು. ಕಾರ್ಖಾನೆಯನ್ನು ಇದ್ದ ಹಾಗೇ ನಡೆಸಿಕೊಂಡು ಹೋಗುತ್ತೇನೆಂದು ಔಷಧದ ಸೀಸೆ ಮಾಡುವವರೊಬ್ಬರು ಮುಂದೆ ಬಂದಿದ್ದರು. ನ್ಯಾಯಮಂಡಳಿ ಅವರ ಯೋಜನೆಯನ್ನು ಸರಿಯಾಗಿ ನೋಡಲೇ ಇಲ್ಲ. ಎಲ್ಲವನ್ನೂ ಬಿಡಿಬಿಡಿಯಾಗಿ ಮಾರಿ ಮುಚ್ಚಿ ಎಂದು ಆದೇಶ ಕೊಟ್ಟುಬಿಟ್ಟಿತು. ಇಂಥ ಆದೇಶಗಳನ್ನು ತಿದ್ದಲೆಂದೇ ಅದರ ಮೇಲೊಂದು ಮೇಲ್ಮನವಿ ಮಂಡಳಿ ಇದೆ. ಕಂಪನಿಗಳ ಸಾವು ಬದುಕೇ ಅವರ ನಿತ್ಯದ ಕೆಲಸ. ಗೆಲ್ಲುವ ಕೇಸು ಎಂದರು ನಮ್ಮ ವಕೀಲೆ. ಮೂವತ್ತು ದಿನದೊಳಗೆ ಹೋಗಬೇಕು, ತಕ್ಕ ಕಾರಣವಿದ್ದರೆ ಇನ್ನೂ ಹದಿನೈದು ದಿನ ಮನ್ನಿಸಬಹುದು, ಅಲ್ಲಿಂದಾಚೆ ಒಂದು ಗಂಟೆಯೂ ಇಲ್ಲ ಎಂದೂ ಹೇಳಿದ್ದರು.

ನಾವು ಹೋದದ್ದು ನಲವತ್ತಾರನೆಯ ದಿನ.

ತಪ್ಪು ನಿಮ್ಮ ನಿಯಮದ್ದು ಅಂತ ಎಲ್ಲರಿಗೂ ಹೇಳಿದ್ದೇನೆ. ಗಿರಾಕಿಯ ಮೊಹರಿರುವ ಕಾಗದ ಕೈಗೆ ಬರದೆ ಕೆಲಸ ಶುರುಮಾಡಬಾರದು ಎಂದು ಗೋಡೆಯ ಮೇಲೆ ಬರೆಸಿದವರು ನೀವೇ ಅಲ್ಲವೆ? ಹಾಗೇ ಆದೇಶದ ಮೊಹರಿನ ಪ್ರತಿಗೆ ಕಾಯುತ್ತ ಕೂತೆ ಎಂದೆ. ಇಪ್ಪತ್ತೆರಡು ಜನ ಕೆಲಸಗಾರರೂ ನಂಬಿದರು. ಹಿರಿಯ ಊದುಗಾರನಂತೂ ನಿಮ್ಮ ಶಿಸ್ತನ್ನು ಹೊಗಳಿದ.

ವಿಚಾರಣೆಯ ದಿನ ಮೇಲ್ಮನವಿ ಮಂಡಳಿಯ ಕೋಣೆಯಲ್ಲಿ ನಡುವೆ ಕೂತಿದ್ದ ನ್ಯಾಯಮೂರ್ತಿ ಕಡತವನ್ನು ಪೂರ್ತಿ ಓದಿಕೊಂಡು ಬಂದಿದ್ದರು. ಅದೇ ನನ್ನ ಹೊಟ್ಟೆ ಉರಿಸಿದ್ದು. ಕೆಳಗಿನವರು ಎಲ್ಲಿ ಎಡವಿದ್ದಾರೆಂದು ಬೆರಳಿಟ್ಟು ತೋರಿಸಿದರು. ಆಮೇಲೆ ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

“ಹಿಂದಿನ ದಿನ ಸಂಜೆ ಅರ್ಜಿ ಕೊಟ್ಟಿದ್ರೂ ಕೇಳಬಹುದಿತ್ತು ಅನ್ನೋ ಹಾಗಿದೆಯಮ್ಮ ನಿಮ್ಮ ಕಥೆ. ಒಂದು ದಿನ ದಾಟಿದೆ. ಅದನ್ನ ಮನ್ನಿಸೋ ಅಧಿಕಾರ ನಮಗಿಲ್ಲ.”

ಒಟ್ಟು ಏಳು ನಿಮಿಷ. ಇನ್ನೂ ಮೇಲಿನ ಕೋರ್ಟಿದೆಯಲ್ಲ ಎಂದೆ. ಕಾನೂನಿನಲ್ಲೇ ಬರೆದ ಗಡುವನ್ನು ಯಾರು ಎಳೆಯುತ್ತಾರೆ ಎಂದು ವಕೀಲೆ ಕಡತ ಕಟ್ಟಿದರು.

ಸೋಮವಾರ, ಮಾರಾಟಕ್ಕೆಂದು ನ್ಯಾಯಮಂಡಳಿ ನೇಮಿಸಿದ ಅಧಿಕಾರಿ ಅನಿಲದ ಕೊಳವೆ ಮುಚ್ಚಿಸಿದರು. ಹತ್ತೊಂಬತ್ತು ವರ್ಷ ಒಂದು ದಿನವೂ ಆರದ ಬೆಂಕಿ. ತಣಿಯುತ್ತ ಹೋದ ಹಾಗೆ ಗಾಜು ಕರಗಿಸುವ ಮೂಸೆ ಬಿರುಕು ಬಿಡುವ ಸದ್ದು ಬುಧವಾರದವರೆಗೂ ಕೇಳುತ್ತಿತ್ತು. ಇನ್ನು ಆ ಕುಲುಮೆಯನ್ನು ಹಚ್ಚಲಾಗದು ಎಂದು ನಿಮಗೆ ನಾನು ಹೇಳಬೇಕಿಲ್ಲ. ಹಿರಿಯ ಊದುಗಾರ ತನ್ನ ಬೆಂಚನ್ನು ಎಂದಿನಂತೆ ಒರೆಸಿ ಮನೆಗೆ ಹೋದ. ಅದರ ಮೇಲಾಗಲೇ ಮಾರಾಟದ ಚೀಟಿ ಅಂಟಿಸಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ನಿಮ್ಮ ಕತ್ತರಿ, ಇಕ್ಕಳಗಳಿಗೂ ಚೀಟಿ ಬಿದ್ದಿದೆ. ಸ್ವಂತದ್ದೆಂದು ಬರೆದುಕೊಟ್ಟರೆ ಬಿಡುತ್ತಾರಂತೆ. ಮಂಗಳವಾರದೊಳಗೆ ಬನ್ನಿ. ನಾನು ಅಲ್ಲಿರುವುದಿಲ್ಲ.

ನಿಮ್ಮವಳು ಎಂದು ಬರೆಯಲು ಕೈ ಏಳದ,
ಮಾಜಿ ಯಜಮಾನಿ

ತಾ.ಕ.: ಮೊಹರಿನ ಪ್ರತಿ ಒಂಬತ್ತನೆಯ ದಿನವೇ ಬಂದಿತ್ತು. ನಿಮ್ಮ ಸಹಿಯೂ ಬೇಕೆಂದು ಹೇಳಿ ಅರ್ಜಿಯನ್ನು ವಕೀಲೆಯಿಂದ ಇಸಿದುಕೊಂಡೆ. ನನ್ನೊಬ್ಬಳ ಸಹಿ ಸಾಕು ಎಂದು ಅವರು ಆಗಲೇ ಹೇಳಿದ್ದರು. ನಿಮ್ಮ ಬಾಗಿಲಿಗೆ ಬರಲು ನನಗೆ ಬೇರೆ ನೆಪವಿರಲಿಲ್ಲ. ದಿನಾ ನಿಮ್ಮ ಬೀದಿಯ ತಿರುವಿನವರೆಗೆ ಬಂದು ವಾಪಸಾಗುತ್ತಿದ್ದೆ. ನಲವತ್ತೈದನೆಯ ದಿನ ಕದ ತಟ್ಟಿದೆ. ನೀವು ನಾಳೆ ಬರುತ್ತೀರಿ ಎಂದರು ಪಕ್ಕದ ಮನೆಯಾಕೆ. ಒಂದು ದಿನ ತಾನೇ, ಮನ್ನಿಸುತ್ತಾರೆ ಅಂದುಕೊಂಡೆ. ಮರುದಿನ ಮಧ್ಯಾಹ್ನದವರೆಗೂ ನಿಮ್ಮ ಮೆಟ್ಟಿಲ ಮೇಲೆ ಕೂತಿದ್ದು, ಆಮೇಲೆ ಅಲ್ಲೇ ಒಬ್ಬಳೇ ಸಹಿ ಹಾಕಿದೆ.