ಮುಟ್ಟಿದ ಆನೆ

ಲಾನ್ಸೆಸ್ಟನ್
ಬುಧವಾರ

ಕಾರ್ಯದರ್ಶಿ ಗ್ರೇಮ್ ಅವರಿಗೆ,

ನಿನ್ನೆಯ ಚದುರಂಗದ ಆಟದಲ್ಲಿ ನಾನು ಕ್ಲೈವ್‌ನನ್ನು ಸೋಲಿಸಿದೆನೆಂದು ಕ್ಲಬ್ಬಿನ ಹಲಗೆಯ ಮೇಲೆ ಬರೆದಿದ್ದೀರಿ. ದಯವಿಟ್ಟು ಅದನ್ನು ಅಳಿಸಿ, ನಾನು ಸೋತೆನೆಂದು ಬರೆಯಿರಿ.

ಎಂದಿನಂತೆ ಕಪ್ಪು ಕಾಯಿಗಳಿಂದ ಸಿಸಿಲಿಯನ್ ಡ್ರಾಗನ್ ಎಂಬ ಆರಂಭವನ್ನು ಹೂಡಿದ್ದೆ. ಇಬ್ಬರೂ ಎದುರಾಳಿಯ ರಾಜನ ಮೇಲೆ ಏರಿಹೋಗುವ ಆಟ ಅದು. ಒಂದು ನಡೆ ತಪ್ಪಿದರೂ ಕಥೆ ಮುಗಿಯಿತು. ಕುದುರೆ ಎತ್ತಲು ಹೋದ ನನ್ನ ಕೈ ಪಕ್ಕದ ಆನೆಯನ್ನು ಹಿಡಿಯಿತು. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬ ನಿಯಮದಂತೆ ಆನೆಯನ್ನೇ ನಡೆಸಿದ್ದರೆ ನನ್ನ ರಾಜ ಉಳಿಯುತ್ತಿರಲಿಲ್ಲ.

ಕ್ಲೈವ್ ಮೆಲ್ಲಗೆ, "ನಡುಗಿದ್ದು ಕೈ ಕಣೇ ಡೊರೀನ್, ನೀನಲ್ಲ. ಕುದುರೆನೇ ಆಡು" ಅಂದ. ನಾನು ಆನೆಯನ್ನು ಬಿಟ್ಟು ಕುದುರೆಯನ್ನೇ ಆಡಿದೆ, ಗೆದ್ದೆ.

ಹದಿನೆಂಟು ವರ್ಷದ ಹಿಂದೆ ಫೈನಲ್ಲಿನಲ್ಲಿ ಇದೇ ಕ್ಲೈವ್‌ನ ಕೈ ಜಾರಿದಾಗ, "ಮುಟ್ಟಿದ್ದನ್ನ ನಡೆಸು" ಎಂದು ಪಟ್ಟು ಹಿಡಿದು ಕಪ್ ಒಯ್ದವಳು ನಾನು. ಕೈ ಜಾರಿದರೂ ವಿನಾಯಿತಿ ಇಲ್ಲವೆಂಬ ನಿಯಮ ಕ್ಲಬ್ಬಿನಲ್ಲಿ ಉಳಿದಿರುವುದೂ ನನ್ನಿಂದಲೇ.

ಮುಂದಿನ ಮಂಗಳವಾರ ಬೀರುವಿನಲ್ಲಿರುವ ಹಳೆಯ ದೊಡ್ಡ ಮಣೆಯನ್ನು ನನ್ನ ಮೇಜಿಗೆ ಹಾಕಿಸಿ. ಅದರ ಮನೆಗಳು ಅಗಲ, ಬೆರಳಿಗೆ ಜಾಗ ಸಿಗುತ್ತದೆ. ಕ್ಲೈವ್‌ನ ಎದುರು ಮತ್ತೆ ಡ್ರಾಗನ್ನನ್ನೇ ಹೂಡುತ್ತೇನೆ. ಕೈ ತಪ್ಪಿದರೆ, "ಮುಟ್ಟಿದ್ದನ್ನ ನಡೆಸು" ಎಂದು ಈ ಸಲ ಅವನೇ ಹೇಳಬೇಕು, ಇಡೀ ಹಾಲ್‌ಗೆ ಕೇಳಿಸುವಂತೆ.

ಅಕ್ಷರ ಸೊಟ್ಟಗಾದರೂ ಮಾತು ನೆಟ್ಟಗಿರುವ,
ಡೊರೀನ್